ವಿಮಾನ ತರಲು ಹೋದ ಉಷಾ ಸುಂದರಂ

 

ಈ ಸಲ ಗೋಡೆ ಪತ್ರಿಕೆಗೆ ಎಲ್ಲರೂ ಒಬ್ಬೊಬ್ಬ ಮಹನೀಯರ ಜೀವನ ಬರೆಯಬೇಕು ಅಂತ ತೀರ್ಮಾನ ಆಯಿತು. ಬಸವಣ್ಣ, ಗಾಂಧೀಜಿ, ನೇತಾಜಿ, ವಿಶ್ವೇಶ್ವರಯ್ಯ, ರವೀಂದ್ರನಾಥ ಠಾಗೂರ್, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲ ಉಳಿದವರು ಮೊದಲೇ ಹಂಚಿಕೊಂಡರು. ನಾನು ಆರಿಸಿಕೊಂಡಿದ್ದು ಉಷಾ ಸುಂದರಂ ಅವರನ್ನು. ವಿಮಾನ ಹಾರಿಸುವವರ ನಡುವೆ ಇವರದು ದೊಡ್ಡ ಹೆಸರು. ನಮ್ಮ ಕಡೆ ಕೇಳಿದವರು ಕಡಿಮೆ. ಇವರು ನಮ್ಮ ಕರ್ನಾಟಕದ ನೆಲದಲ್ಲೇ, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತರು. 1951ರಲ್ಲಿ ಪತಿಯ ಜೊತೆ ಇಂಗ್ಲೆಂಡಿಗೆ ಹೋಗಿ ಹೊಚ್ಚ ಹೊಸ ವಿಮಾನವೊಂದನ್ನು ತೆಗೆದುಕೊಂಡು, ಅದನ್ನು ತಾವೇ ಹಾರಿಸಿಕೊಂಡು ಲಂಡನ್ನಿನಿಂದ ಬಾಂಬೆಗೆ ಬಂದರು. ಅಂಗಡಿಗೆ ಹೋಗಿ ಸೈಕಲ್ ತಂದಂಗೆ ಇದು ಅಲ್ಲ. ಅದರ ಹಿಂದೆ ಎಷ್ಟು ಕಲಿಕೆ ಇತ್ತು ಅನ್ನೋದನ್ನೇ ನಾನು ಇಲ್ಲಿ ಬರೆದಿದ್ದೇನೆ.

ಆಗಿನ ಕಾಲ

ಉಷಾ ಅವರು ವಿಮಾನ ಕಲಿತ ಕಾಲದಲ್ಲಿ ಈಗಿನ ಕರ್ನಾಟಕ ಇರಲಿಲ್ಲ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲ ರಾಯಚೂರು ಜಿಲ್ಲೆಯ ಜೊತೆ ಹೈದರಾಬಾದ್ ರಾಜ್ಯದಲ್ಲಿದ್ದವು. ತುಂಗಭದ್ರಾ ಹೊಳೆ ದಾಟಿದರೆ ಬಳ್ಳಾರಿ, ಅದು ಮದ್ರಾಸ್ ರಾಜ್ಯದಲ್ಲಿತ್ತು. ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು. ಅಂದ್ರೆ ಇಲ್ಲಿಂದ ಬೆಂಗಳೂರಿಗೆ ಹೋಗೋರು ಮೂರು ಸರ್ಕಾರದ ನೆಲ ದಾಟಬೇಕಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ರಾಯಚೂರೂ ಸೇರಿತು. ಇದನ್ನು ಯಾಕೆ ಬರೆದೆ ಅಂದ್ರೆ, ಉಷಾ ಅವರ ಕಥೆಯಲ್ಲಿ ಈ ಮೂರು ರಾಜ್ಯಗಳೂ ಬರುತ್ತವೆ.

ವಿಮಾನ ಅಂಬೋದು ನಮ್ಮ ಸುತ್ತಮುತ್ತ ಅದಕ್ಕೂ ಮೊದಲೇ ಬಂದಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಚೀಲಗಳನ್ನು ಪುಟ್ಟ ವಿಮಾನದಲ್ಲಿ ಇಟ್ಟುಕೊಂಡು ಅಹಮದಾಬಾದ್ ಮೇಲಿಂದ ಬಾಂಬೆಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಆ ಅಂಚೆಯನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಆ ವಿಮಾನದ ಹೆಸರು ಪಸ್ ಮಾತ್. ಅದನ್ನು ತಯಾರಿಸಿದ್ದು ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿ. ಈ ಕಂಪನಿಯ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಜಕ್ಕೂರಿನ ಶಾಲೆ

ಉಷಾ ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಪೈಲಟ್ ಆಗಿದ್ದರು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ದಂಪತಿಗಳು ಬೆಂಗಳೂರಿಗೆ ಬಂದರು. ಅಲ್ಲಿ ಸುಂದರಂ ಅವರು ಮೈಸೂರು ರಾಜ್ಯದ ವಿಮಾನ ಇಲಾಖೆಯ ಹೊಣೆ ಹೊತ್ತರು. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಗೂ ಅವರೇ ಮುಖ್ಯಸ್ಥರಾದರು.

ಜಕ್ಕೂರು ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಕಡೆ ಹೋಗುವ ಬಳ್ಳಾರಿ ರಸ್ತೆಯ ಪಕ್ಕ ಇದೆ. ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು ಅಲ್ಲಿ ವಿಮಾನ ಕಲಿಸಲೆಂದು 200 ಎಕರೆಗೂ ಹೆಚ್ಚು ಜಮೀನು ಕೊಟ್ಟಿದ್ದರು. ಆಗ ಅದು ಊರ ಹೊರಗಿನ ಬಯಲು. ಈಗ ಸುತ್ತ ಬೆಂಗಳೂರೇ ಬೆಳೆದುಬಿಟ್ಟಿದೆ.

ಈ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಮೊದಲ ಮಹಿಳೆ ಉಷಾ ಸುಂದರಂ. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಅಂತ ಅವರನ್ನು ಕರೆಯುತ್ತಾರೆ. ಮನೆಯಲ್ಲಿ ಪತಿಯೇ ಪೈಲಟ್, ಶಾಲೆಗೂ ಅವರೇ ಮುಖ್ಯಸ್ಥರು, ಹಾಗಾಗಿ ಸುಲಭ ಆಯ್ತು ಅಂತ ಕೆಲವರಿಗೆ ಅನ್ನಿಸಬಹುದು. ಸೀಟು ಸಿಗೋದು ಸುಲಭ ಆಗಿರಬಹುದು. ಆದ್ರೆ ವಿಮಾನಕ್ಕೆ ತನ್ನನ್ನು ಹಾರಿಸ್ತಿರೋರು ಯಾರ ಹೆಂಡತಿ ಅಂತ ಗೊತ್ತಾಗೋದಿಲ್ಲ. ಕೈ ತಪ್ಪಿದರೆ ಅದು ಎಲ್ಲರನ್ನೂ ಒಂದೇ ಥರ ಕೆಳಗೆ ಹಾಕುತ್ತದೆ.

ವಿಮಾನ ಕಲಿಯುವುದು ಅಂದ್ರೆ

ಪೈಲಟ್ ಆಗಲು ಧೈರ್ಯ ಒಂದಿದ್ರೆ ಸಾಕು ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಇದು ಪೂರಾ ಪಾಠದ ಕೆಲಸ.

ಆ ಕಾಲದ ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಟೈಗರ್ ಮಾತ್ ಎಂಬ ವಿಮಾನ ಇರುತ್ತಿತ್ತು. ಇದೂ ಡಿ ಹ್ಯಾವಿಲ್ಯಾಂಡ್ ಕಂಪನಿಯದೇ. ಮೇಲೊಂದು ಕೆಳಗೊಂದು, ಎರಡು ಜೊತೆ ರೆಕ್ಕೆ. ಮೇಲೆ ಚಾವಣಿ ಇಲ್ಲ. ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಎಂಜಿನ್ ಶಕ್ತಿ ಸುಮಾರು 130 ಕುದುರೆ. ಒಂದರ ಹಿಂದೊಂದು ಎರಡು ಸೀಟು, ಎರಡರಲ್ಲೂ ಹಿಡಿಕೆ, ಕಾಲಿನ ಪೆಡಲ್ ಎಲ್ಲ ಇರುತ್ತವೆ. ಒಂದು ಕಡೆ ಗುರು, ಇನ್ನೊಂದು ಕಡೆ ಶಿಷ್ಯ. ಶಿಷ್ಯ ಹಿಡಿಕೆ ಎಳೆದರೆ ಗುರುವಿನ ಹಿಡಿಕೆಯೂ ಅಷ್ಟೇ ಸರಿಯುತ್ತದೆ. ಹಾಗಾಗಿ ತಪ್ಪು ಮಾಡಿದ ಕೂಡಲೇ ಗುರುವಿಗೆ ಕೈಯಲ್ಲೇ ಗೊತ್ತಾಗುತ್ತದೆ, ತಿದ್ದುತ್ತಾರೆ.

ಮೊದಲು ನೇರವಾಗಿ ಹಾರುವುದು, ಆಮೇಲೆ ತಿರುಗಿಸುವುದು, ಏರುವುದು, ಇಳಿಯುವುದು. ವೇಗ ತೀರಾ ಕಡಿಮೆ ಆಗಿ ರೆಕ್ಕೆಗಳು ಎತ್ತುವ ಶಕ್ತಿ ಕಳೆದುಕೊಂಡರೆ ಏನು ಮಾಡಬೇಕು ಎಂಬುದನ್ನೂ ಮೇಲೆ ಎತ್ತರದಲ್ಲೇ ಕಲಿಸುತ್ತಾರೆ. ನಂತರ ಮೈದಾನದ ಸುತ್ತ ಒಂದೇ ದಾರಿಯಲ್ಲಿ ಸುತ್ತಿ ಸುತ್ತಿ ಏರುವುದು, ಇಳಿಯುವುದು. ನಾವು ಮಗ್ಗಿ ಹೇಳಿದಂಗೆ ಮತ್ತೆ ಮತ್ತೆ ಅದನ್ನೇ ಮಾಡಬೇಕು. ಗುರುವಿಗೆ ನಂಬಿಕೆ ಬಂದ ದಿನ ಅವರು ಕೆಳಗೆ ಇಳಿದು ಶಿಷ್ಯನನ್ನು ಒಬ್ಬನೇ ಕಳಿಸುತ್ತಾರೆ. ಇದಕ್ಕೆ ಸೋಲೋ ಅಂತಾರೆ.

ಇದರ ಜೊತೆ ಕೊಠಡಿಯ ಪಾಠವೂ ಇದೆ. ಹವಾಮಾನ, ನಕಾಶೆ ಓದುವುದು, ದಿಕ್ಸೂಚಿ, ಎಂಜಿನ್, ನಿಯಮಗಳು. ಹಾರಿದ ಪ್ರತಿಯೊಂದು ಗಂಟೆಯನ್ನು ಲಾಗ್ ಬುಕ್ ಎಂಬ ಪುಸ್ತಕದಲ್ಲಿ ಬರೆಯಬೇಕು. ಈಗ ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ 40 ಗಂಟೆ, ಕೆಲಸಕ್ಕೆ ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ನಮಗೆ ಹಾಜರಿ ಪುಸ್ತಕ ಇದ್ದಂಗೆ ಅವರಿಗೆ ಲಾಗ್ ಬುಕ್.

ಮೈಸೂರಿನ ಡಕೋಟಾ

ಮೈಸೂರು ಮಹಾರಾಜರ ಬಳಿ ಡಕೋಟಾ ಎಂಬ ವಿಮಾನವಿತ್ತು. ಸುಂದರಂ ಅವರು ಅದರ ಪೈಲಟ್, ಉಷಾ ಅವರು ಸಹ ಪೈಲಟ್. ಡಕೋಟಾ ಅಂದ್ರೆ ಸಣ್ಣದಲ್ಲ. ಎರಡು ಎಂಜಿನ್, ಒಂದೊಂದಕ್ಕೆ ಸುಮಾರು 1,200 ಕುದುರೆ ಶಕ್ತಿ. ಈ ತುದಿಯಿಂದ ಆ ತುದಿಗೆ ರೆಕ್ಕೆಯ ಅಳತೆ ಸುಮಾರು 29 ಮೀಟರ್. ನಮ್ಮ ಶಾಲೆಯ ಖೋ ಖೋ ಅಂಕಣದ ಉದ್ದಕ್ಕಿಂತ ಜಾಸ್ತಿ!

ಆಗ ದೇಶ ಎರಡು ಭಾಗ ಆಗಿತ್ತು. 1947ರ ವಿಭಜನೆಯಲ್ಲಿ ಜನ ಮನೆ ಮಠ ಬಿಟ್ಟು ಓಡಿಬಂದರು. ಪಾಕಿಸ್ತಾನದಲ್ಲಿ ಸಿಕ್ಕಿಕೊಂಡವರನ್ನು ವಿಮಾನದಲ್ಲಿ ಕರೆತರುವ ಕೆಲಸದಲ್ಲಿ ಈ ದಂಪತಿಗಳೂ ಹಾರಿದರು. ನಮ್ಮ ಕ್ಯಾಂಪಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರ್.ಎಚ್. ಕ್ಯಾಂಪ್ ಅಂದ್ರೇನೇ ಪುನರ್ವಸತಿ ಕ್ಯಾಂಪ್. ನಮ್ಮ ಅಜ್ಜ ಅಜ್ಜಿಯರು ಪೂರ್ವ ಬಂಗಾಳ ಬಿಟ್ಟು ಬಂದವರು. ಅವರು ಬಂದದ್ದು ನಡೆದು, ದೋಣಿಯಲ್ಲಿ, ರೈಲಿನಲ್ಲಿ. ವಿಮಾನ ಎಲ್ಲರಿಗೂ ಸಿಗಲಿಲ್ಲ. ಆದರೂ ಒಂದೊಂದು ಸಲಕ್ಕೆ ವಿಮಾನ ತುಂಬ ಜನ ಜೀವ ಉಳಿಸಿಕೊಂಡು ಬಂದರಲ್ಲ, ಅದು ಸಣ್ಣ ಮಾತಲ್ಲ.

ಅದೇ ಸಮಯದಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರು 550ಕ್ಕೂ ಹೆಚ್ಚು ಸಂಸ್ಥಾನಗಳನ್ನು ಭಾರತಕ್ಕೆ ಸೇರಿಸುವ ಕೆಲಸದಲ್ಲಿದ್ದರು. ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಹೋಗಬೇಕು, ಬೇಗ ಹೋಗಬೇಕು. ಪಟೇಲರನ್ನೂ ಪ್ರಧಾನಿ ನೆಹರೂ ಅವರನ್ನೂ ಸುಂದರಂ ದಂಪತಿಗಳು ತಮ್ಮ ವಿಮಾನದಲ್ಲಿ ಕರೆದೊಯ್ದರು. ನಮ್ಮ ಹೈದರಾಬಾದ್ ರಾಜ್ಯ 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತದಿಂದ ಬಿಡುಗಡೆ ಆಯಿತು. ಸಂಸ್ಥಾನಗಳು ಸೇರಿದ್ದನ್ನು ನಾವು ಸಮಾಜ ವಿಜ್ಞಾನದಲ್ಲಿ ಓದ್ತೀವಿ. ಓದುವಾಗ ಪಟೇಲರು ನೆನಪಾಗ್ತಾರೆ, ಅವರು ಕೂತ ವಿಮಾನದ ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು ಅಂಬೋದು ಯಾರಿಗೂ ನೆನಪಾಗೋದಿಲ್ಲ.

ಪಾರಿವಾಳದ ಹೆಸರಿನ ವಿಮಾನ

1951ರಲ್ಲಿ ಮದ್ರಾಸ್ ಸರ್ಕಾರಕ್ಕೆ ಒಂದು ಹೊಸ ವಿಮಾನ ಬೇಕಾಯಿತು. ಅವರು ಆರಿಸಿದ್ದು ಡಿ ಹ್ಯಾವಿಲ್ಯಾಂಡ್ ಕಂಪನಿಯ ಡವ್ ಎಂಬ ವಿಮಾನ. ಡವ್ ಅಂದ್ರೆ ಪಾರಿವಾಳ. ಅದನ್ನು ಇಂಗ್ಲೆಂಡಿನಿಂದ ತರುವ ಹೊಣೆ ಸುಂದರಂ ದಂಪತಿಗಳಿಗೆ ಬಂತು.

ಡವ್ ವಿಮಾನ ಮೊದಲು ಹಾರಿದ್ದು 1945ರ ಸೆಪ್ಟೆಂಬರ್ 25ರಂದು, ಎರಡನೇ ಮಹಾಯುದ್ಧ ಮುಗಿದ ಕೆಲವೇ ದಿನಗಳಿಗೆ. ಯುದ್ಧದ ವಿಮಾನ ಮಾಡ್ತಿದ್ದ ಕಾರ್ಖಾನೆ ಈಗ ಶಾಂತಿ ಕಾಲಕ್ಕೆ ಸಣ್ಣ ಪ್ರಯಾಣಿಕ ವಿಮಾನ ಮಾಡತೊಡಗಿತು. ಕಂಪನಿ ಇದ್ದದ್ದು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಊರಿನಲ್ಲಿ. ಡವ್‌ನಲ್ಲಿ ಎಂಟು ಹತ್ತು ಜನ ಕೂರಬಹುದು. ಎರಡು ಜಿಪ್ಸಿ ಕ್ವೀನ್ ಎಂಜಿನ್. ರೆಕ್ಕೆಯ ಅಳತೆ ಸುಮಾರು 17 ಮೀಟರ್. ತುಂಬಿದ ತೂಕ ಹೆಚ್ಚುಕಡಿಮೆ 4 ಟನ್. ಡಕೋಟಾ ಇದರ ಮೂರು ಪಟ್ಟು ತೂಕ.

ಈ ಪಾರಿವಾಳ ಭಾರತಕ್ಕೆ ಹೊಸದಲ್ಲ. 1949ರ ಮಾರ್ಚ್ 29ರಂದು ಸರ್ದಾರ್ ಪಟೇಲರು ದೆಹಲಿಯಿಂದ ಜೈಪುರಕ್ಕೆ ಹೊರಟ ವಾಯುಪಡೆಯ ವಿಮಾನವೂ ಡವ್ ಜಾತಿಯದೇ. ದಾರಿಯಲ್ಲಿ ಎಂಜಿನ್ ತೊಂದರೆ ಆಗಿ, ಪೈಲಟ್ ಅದನ್ನು ಒಣಗಿದ ಹೊಳೆಯ ಮರಳಿನಲ್ಲಿ ಇಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಸುದ್ದಿ ಗೊತ್ತಾಗುವ ತನಕ ದೇಶವೆಲ್ಲ ಗಾಬರಿಯಲ್ಲಿತ್ತು. ಹೊಸ ಡವ್ ತರಲು ಹೊರಟವರಿಗೆ, ಎಂಜಿನ್ ನಿಂತರೆ ಏನು ಮಾಡಬೇಕು ಎಂಬುದು ಬರೀ ಪುಸ್ತಕದ ಪಾಠ ಆಗಿರಲಿಲ್ಲ.

ಹೊಸ ವಿಮಾನ ಕೈಗೆ ತೆಗೆದುಕೊಳ್ಳುವುದು

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ದೊಡ್ಡ ಡಕೋಟಾ ಹಾರಿಸಿದವರಿಗೆ ಸಣ್ಣ ಡವ್ ಏನು ಕಷ್ಟ? ಕಾರಣ ಹೇಳುತ್ತೇನೆ.

ಡಕೋಟಾಗೆ ಮುಂದೆ ಎರಡು ಗಾಲಿ, ಬಾಲದ ಕೆಳಗೆ ಒಂದು ಸಣ್ಣ ಗಾಲಿ. ನೆಲದ ಮೇಲೆ ಅದು ಮೂತಿ ಎತ್ತಿ ಕೂತಿರುತ್ತದೆ. ಡವ್‌ಗೆ ಮೂಗಿನ ಕೆಳಗೆ ಒಂದು ಗಾಲಿ, ರೆಕ್ಕೆಗಳ ಕೆಳಗೆ ಎರಡು. ಅದು ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಇಳಿಯುವಾಗ ಯಾವ ಗಾಲಿ ಮೊದಲು ನೆಲ ಮುಟ್ಟಬೇಕು, ಮೂತಿ ಎಷ್ಟು ಎತ್ತಬೇಕು ಎಲ್ಲ ಬೇರೆ. ಎತ್ತಿನ ಬಂಡಿ ಹೊಡೆದವರು ಟ್ರ್ಯಾಕ್ಟರ್ ಹತ್ತಿದಂಗೆ ಅಂತ ಇಟ್ಟುಕೊಳ್ಳಿ. ದಾರಿ ಗೊತ್ತು, ಹೊಲ ಗೊತ್ತು, ಆದ್ರೆ ಕೈ ಕಾಲು ಹೊಸದಾಗಿ ಕಲಿಯಬೇಕು.

ಇನ್ನೊಂದು ವಿಷಯ, ಎರಡು ಎಂಜಿನ್ ಇರುವ ವಿಮಾನದಲ್ಲಿ ಒಂದು ನಿಂತರೆ ಇನ್ನೊಂದರ ಎಳೆತಕ್ಕೆ ವಿಮಾನ ಒಂದು ಕಡೆಗೆ ಸೊಟ್ಟ ತಿರುಗುತ್ತದೆ. ಆಗ ಪೈಲಟ್ ತಕ್ಷಣ ಕಾಲಿನ ಪೆಡಲ್ ಒತ್ತಿ ನೇರ ಮಾಡಬೇಕು. ನಿಂತ ಎಂಜಿನಿನ ಪಂಖದ ಅಲಗುಗಳನ್ನು ಗಾಳಿಗೆ ಅಡ್ಡ ಬಾರದಂತೆ ತಿರುಗಿಸಬೇಕು. ಯಾವುದು ನಿಂತಿದೆ ಎಂದು ಗುರುತಿಸುವುದರಲ್ಲಿ ಗಡಿಬಿಡಿ ಆದರೆ ಒಳ್ಳೆಯ ಎಂಜಿನನ್ನೇ ಬಂದ್ ಮಾಡಿಬಿಡುವ ಅಪಾಯ ಇರುತ್ತದೆ. ಒಂದೊಂದು ಜಾತಿಯ ವಿಮಾನದಲ್ಲಿ ಆ ಗುಂಡಿ, ಆ ಹಿಡಿಕೆ ಬೇರೆ ಬೇರೆ ಜಾಗದಲ್ಲಿರುತ್ತವೆ. ಕತ್ತಲಲ್ಲೂ ಕೈ ಅಲ್ಲಿಗೇ ಹೋಗಬೇಕು. ಅದಕ್ಕೇ ಹೊಸ ಜಾತಿಯ ವಿಮಾನ ತೆಗೆದುಕೊಳ್ಳುವ ಪೈಲಟ್ ಎಷ್ಟೇ ಅನುಭವಿ ಆದರೂ ಮತ್ತೆ ಶಿಷ್ಯನ ಥರ ಕೂತು ಕಲಿಯಬೇಕು. ಇಂಥ ವೇಗಕ್ಕೆ ಏರಬೇಕು, ಇಂಥ ವೇಗಕ್ಕೆ ಇಳಿಯಬೇಕು ಎಂಬ ಅಂಕಿಗಳನ್ನು ಬಾಯಿಪಾಠ ಮಾಡಬೇಕು.

ವಿಮಾನವನ್ನೂ ಪರೀಕ್ಷೆ ಮಾಡಬೇಕು. ಹಾರಿಸಿ ನೋಡಬೇಕು. ದಿಕ್ಸೂಚಿ ಸರಿ ತೋರಿಸುತ್ತದೆಯೇ, ಇಂಧನದ ಮುಳ್ಳು ಸರಿ ಇದೆಯೇ, ರೇಡಿಯೊ ಕೇಳಿಸುತ್ತದೆಯೇ, ಕಾಗದ ಪತ್ರ ಪೂರ್ತಿ ಇವೆಯೇ ಎಲ್ಲ ನೋಡಿದ ಮೇಲೆಯೇ ಸಹಿ. ಕಾರ್ಖಾನೆ ಗೇಟಿನಲ್ಲಿ ಸಿಕ್ಕದ ತಪ್ಪು ಮರುಭೂಮಿಯ ಮೇಲೆ ಸಿಕ್ಕರೆ ಯಾರನ್ನು ಕೇಳೋದು?

ಲಂಡನ್ನಿನಿಂದ ಬಾಂಬೆಗೆ 27 ಗಂಟೆ

ಸುಂದರಂ ದಂಪತಿಗಳು ಡವ್ ವಿಮಾನವನ್ನು ಬಾಗ್ದಾದ್, ಕರಾಚಿ ಮಾರ್ಗವಾಗಿ ಬಾಂಬೆಗೆ ತಂದರು. ತೆಗೆದುಕೊಂಡ ಸಮಯ 27 ಗಂಟೆ. ಪಿಸ್ಟನ್ ಎಂಜಿನಿನ ವಿಮಾನದಲ್ಲಿ ಮಾಡಿದ ದಾಖಲೆ ಅಂತ ಇದಕ್ಕೆ ಹೆಸರು ಬಂತು.

ನಾನು ಅಟ್ಲಾಸ್ ಹಿಡಿದು ಲೆಕ್ಕ ಹಾಕಿ ನೋಡಿದೆ. ನೀವೂ ಹಾಕಿ ನೋಡಿ. ಲಂಡನ್ನಿನಿಂದ ಬಾಗ್ದಾದಿಗೆ ನೇರ ಗೆರೆ ಎಳೆದರೆ ಸುಮಾರು 4,100 ಕಿಲೋಮೀಟರ್. ಬಾಗ್ದಾದಿನಿಂದ ಕರಾಚಿಗೆ ಸುಮಾರು 2,450. ಕರಾಚಿಯಿಂದ ಬಾಂಬೆಗೆ ಸುಮಾರು 900. ಒಟ್ಟು 7,450 ಕಿಲೋಮೀಟರ್. ಡವ್ ವಿಮಾನ ಎಂಜಿನಿಗೆ ತ್ರಾಸು ಕೊಡದೆ ಹಾರುವ ವೇಗ ಗಂಟೆಗೆ ಸುಮಾರು 290 ಕಿಲೋಮೀಟರ್. ಭಾಗಿಸಿದರೆ 25 ಗಂಟೆ 40 ನಿಮಿಷದ ಹತ್ತಿರ ಬರುತ್ತದೆ. ಅಂದ್ರೆ ಈ 27 ಗಂಟೆಗಳಲ್ಲಿ ದಾರಿ ತಪ್ಪಿ ಸುತ್ತಿದ್ದು, ಸುಮ್ಮನೆ ಕಳೆದದ್ದು ಅಂತ ಹೆಚ್ಚೇನೂ ಇಲ್ಲ. ಲೆಕ್ಕ ಮಾಡಿದಾಗ ನನಗೆ ಅವರ ವೇಗಕ್ಕಿಂತ ಅವರ ಅಚ್ಚುಕಟ್ಟು ದೊಡ್ಡದಾಗಿ ಕಂಡಿತು.

ಒಂದು ಸಲ ಟ್ಯಾಂಕು ತುಂಬಿಸಿದರೆ ಡವ್ ಸಾವಿರ, ಸಾವಿರದೈನೂರು ಕಿಲೋಮೀಟರ್ ಹೋಗಬಲ್ಲದು. ಹಾಗಾಗಿ ನಡುನಡುವೆ ಇಳಿದು ಇಂಧನ ತುಂಬಿಸಲೇಬೇಕು. ಪ್ರತಿ ಸಲ ಹವಾಮಾನ ಕೇಳಬೇಕು, ಎದುರು ಗಾಳಿ ಇದ್ದರೆ ಇಂಧನ ಎಷ್ಟು ಹೆಚ್ಚು ಬೇಕು ಅಂತ ಲೆಕ್ಕ ಹಾಕಬೇಕು. ಆಗ ಉಪಗ್ರಹ ಇಲ್ಲ, ಮೊಬೈಲಿನ ನಕಾಶೆ ಇಲ್ಲ. ಕಾಗದದ ನಕಾಶೆ, ದಿಕ್ಸೂಚಿ, ಗಡಿಯಾರ, ರೇಡಿಯೊ ಇಷ್ಟೇ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಪೆನ್ಸಿಲ್ ಹಿಡಿದು ಲೆಕ್ಕ ಮಾಡಬೇಕು.

ಡವ್ ವಿಮಾನದೊಳಗೆ ಗಾಳಿಯ ಒತ್ತಡ ಕಾಪಾಡುವ ಏರ್ಪಾಡು ಇರಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗಿ ಉಸಿರು ಕಷ್ಟ ಆಗುತ್ತದೆ. ಅದಕ್ಕೆ ಮೋಡಗಳ ಮೇಲೆ ಹಾಯಾಗಿ ಹೋಗುವಂತಿಲ್ಲ, ಮಳೆ ಗಾಳಿ ಇರುವ ಎತ್ತರದಲ್ಲೇ ಕುಲುಕಿಕೊಂಡು ಹೋಗಬೇಕು. ಪೂರ್ವಕ್ಕೆ ಹಾರುವವರಿಗೆ ಇನ್ನೊಂದು ವಿಚಿತ್ರ ಇದೆ. ನಮ್ಮ ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಸೂರ್ಯನ ಎದುರಿಗೆ ಹೋಗೋದರಿಂದ ರಾತ್ರಿ ಚಿಕ್ಕದಾಗುತ್ತದೆ. ನಿದ್ದೆಯ ಲೆಕ್ಕ ತಪ್ಪುತ್ತದೆ.

ಕೊನೆಯ ತುಂಡು ಕರಾಚಿಯಿಂದ ಬಾಂಬೆ. 19 ವರ್ಷ ಮೊದಲು ಟಾಟಾ ಅವರ ಪಸ್ ಮಾತ್ ಅಂಚೆ ಹೊತ್ತು ಬಂದದ್ದೂ ಕರಾಚಿಯಿಂದ ಬಾಂಬೆಗೇ. ಅಂದು ಎರಡೂ ಒಂದೇ ದೇಶದ ಊರು. 1951ರಲ್ಲಿ ನಡುವೆ ಗಡಿ ಬಂದಿತ್ತು.

ಮಾರನೇ ವರ್ಷ, 1952ರ ಮೇ 2ರಂದು, ಅದೇ ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾಮೆಟ್ ಎಂಬ ಜೆಟ್ ವಿಮಾನ ಲಂಡನ್ನಿನಿಂದ ಪ್ರಯಾಣಿಕರನ್ನು ಹೊತ್ತು ಹಾರಿತು. ಜೆಟ್ ಬಂದ ಮೇಲೆ ಪಿಸ್ಟನ್ ಎಂಜಿನಿನ ವೇಗದ ಮಾತು ಹಿಂದೆ ಬಿತ್ತು. ಉಷಾ ಅವರ ಹೆಸರು ಹೆಚ್ಚು ಕೇಳಿಬರದಿರಲು ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಮೊದಲಿಗರು ಯಾರು?

ಈ ವಿಷಯದಲ್ಲಿ ಗೊಂದಲ ಬೇಡ. ಭಾರತದಲ್ಲಿ ಲೈಸೆನ್ಸ್ ಪಡೆದ ಮಹಿಳೆಯರು ಸ್ವಾತಂತ್ರ್ಯಕ್ಕೂ ಮೊದಲೇ ಇದ್ದರು. 1936ರಲ್ಲಿ ಸರಳಾ ಠಕ್ರಾಲ್ ಅವರು ಲಾಹೋರಿನಲ್ಲಿ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು, ಆಗ ಅವರಿಗೆ 21 ವರ್ಷ. ಪ್ರೇಮ್ ಮಾಥುರ್ ಅವರು 1947ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದರು. ಅವರಿಗೆ ಹಲವು ಕಂಪನಿಗಳು ಹೆಣ್ಣು ಎಂಬ ಕಾರಣಕ್ಕೆ ಕೆಲಸ ಕೊಡಲಿಲ್ಲ. ಕೊನೆಗೆ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಅದು ಆಗ ನಮ್ಮ ರಾಜ್ಯದ ಕಂಪನಿ, ನಾವು ಹೆಮ್ಮೆ ಪಡಬಹುದು.

ಆಮೇಲೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ದುರ್ಬಾ ಬ್ಯಾನರ್ಜಿ ಅವರು ಮೊದಲ ಮಹಿಳಾ ಪೈಲಟ್ ಆಗಿದ್ದು 1966ರಲ್ಲಿ. ವಾಯುಪಡೆಯ ಯುದ್ಧ ವಿಮಾನಗಳಿಗೆ ಮಹಿಳೆಯರು ಬಂದಿದ್ದು 2016ರಲ್ಲಿ. 1949ಕ್ಕೂ 2016ಕ್ಕೂ ನಡುವೆ 67 ವರ್ಷ. ವಿಮಾನ ಹೆಣ್ಣಿನ ಕೈಗೆ ಬಗ್ಗುತ್ತದೆ ಅಂತ ಮೊದಲೇ ಗೊತ್ತಾಗಿತ್ತು. ಸೀಟು ಕೊಡೋದಕ್ಕೆ ಮಾತ್ರ ಇಷ್ಟು ತಡ ಆಯಿತು.

ನೆಲದ ಮೇಲಿನ ಕೆಲಸ

ಉಷಾ ಅವರ ಜೀವನ ವಿಮಾನದಲ್ಲೇ ಮುಗಿಯಲಿಲ್ಲ. ದಂಪತಿಗಳು ಮದ್ರಾಸಿನಲ್ಲಿ ನೆಲೆಸಿದರು. 1959ರಲ್ಲಿ ಮದ್ರಾಸಿನಲ್ಲಿ ಜೋರು ಮಳೆ ಬಂದಾಗ, ಬೀದಿಯ ನೀರಿನಲ್ಲಿ ಮುಳುಗುತ್ತಿದ್ದ ನಾಯಿಮರಿಗಳನ್ನು ಕ್ಯಾಪ್ಟನ್ ಸುಂದರಂ ಎತ್ತಿಕೊಂಡು ಮನೆಗೆ ತಂದರು. ಗಂಡ ಹೆಂಡತಿ ಮಕ್ಕಳು ಸೇರಿ ಅವನ್ನು ಸಾಕಿದರು. ಆಮೇಲೆ ಗಾಯ ಆದ ದನ, ಬೆಕ್ಕು, ನಾಯಿ ಒಂದೊಂದೇ ಬರತೊಡಗಿದವು. ಹೀಗೆ ಬ್ಲೂ ಕ್ರಾಸ್ ಆಫ್ ಇಂಡಿಯಾ ಎಂಬ ಸಂಸ್ಥೆ ಹುಟ್ಟಿತು. ಬೀದಿ ನಾಯಿಗಳನ್ನು ಕೊಲ್ಲುವ ಬದಲು, ಹಿಡಿದು ಶಸ್ತ್ರಚಿಕಿತ್ಸೆ ಮಾಡಿ ಮರಿ ಆಗದಂತೆ ನೋಡಿಕೊಂಡು, ಮತ್ತೆ ಅದೇ ಬೀದಿಗೆ ಬಿಡುವ ಕೆಲಸವನ್ನು ಈ ಸಂಸ್ಥೆ 1964ರಲ್ಲೇ ಶುರು ಮಾಡಿತು.

ಕ್ಯಾಪ್ಟನ್ ಸುಂದರಂ 1997ರಲ್ಲಿ, ಉಷಾ ಅವರು 2010ರಲ್ಲಿ ತೀರಿಕೊಂಡರು. ಅವರು ಕಲಿತ ಜಕ್ಕೂರಿನ ಶಾಲೆಯಲ್ಲಿ ಆಮೇಲೂ ಎಷ್ಟೋ ಜನ ಕಲಿತು ಪೈಲಟ್ ಆದರು.

ನನಗೆ ಅನ್ನಿಸಿದ್ದು

ದಾಖಲೆಯ 27 ಗಂಟೆಯನ್ನು ಎಲ್ಲರೂ ಹೇಳ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಅದಕ್ಕೆ ಮುಂಚಿನ ಗಂಟೆಗಳು. ಜಕ್ಕೂರಿನ ಮೈದಾನದ ಸುತ್ತ ಸುತ್ತಿದ ಗಂಟೆಗಳು, ಡಕೋಟಾದಲ್ಲಿ ಪಕ್ಕದ ಸೀಟಿನಲ್ಲಿ ಕೂತ ಗಂಟೆಗಳು. ಅವನ್ನು ಯಾರೂ ಎಣಿಸಲಿಲ್ಲ, ಲಾಗ್ ಬುಕ್ ಮಾತ್ರ ಎಣಿಸಿತು.

ಇನ್ನೊಂದು ಮಾತು. ಉಷಾ ಅವರಿಗೆ ಆ ಸೀಟು ಸಿಕ್ಕಿತು, ಯಾಕಂದ್ರೆ ಅವರ ಮನೆಯಲ್ಲೇ ಕೊಡುವವರು ಇದ್ದರು. ನಮ್ಮ ಕಡೆ ಭತ್ತದ ನಾಟಿ ಹೆಂಗಸರೇ ಮಾಡ್ತಾರೆ, ಟ್ರ್ಯಾಕ್ಟರ್ ಸೀಟಿನಲ್ಲಿ ಮಾತ್ರ ಗಂಡಸರೇ ಕಾಣ್ತಾರೆ. ಹೆಣ್ಣುಮಕ್ಕಳಿಗೆ ಬರೋದಿಲ್ಲ ಅಂತಾರೆ. ಕಲಿಸದೇ ಯಾರಿಗೂ ಏನೂ ಬರೋದಿಲ್ಲ. ಹತ್ತನೇ ತರಗತಿ ಆದ ಮೇಲೆ ಮದುವೆ ಮಾಡೋಣ ಅಂತ ಮಾತಾಡ್ತಿರೋ ಮನೆಗಳು ನಮ್ಮ ಕ್ಲಾಸಿನ ಹುಡುಗಿಯರಿಗೆ ಗೊತ್ತು. ಎಲ್ಲರೂ ಪೈಲಟ್ ಆಗಬೇಕು ಅಂತ ನಾನು ಹೇಳ್ತಿಲ್ಲ. ಕಾಲೇಜಿನ ಬೆಂಚು, ಟ್ರ್ಯಾಕ್ಟರಿನ ಸೀಟು, ಕಂಪ್ಯೂಟರ್ ಮುಂದಿನ ಕುರ್ಚಿ ಯಾವುದೇ ಇರಲಿ, ಮೊದಲು ಒಂದು ಸಲ ಕೂರಲು ಬಿಡಿ, ಪಕ್ಕದಲ್ಲಿ ಕೂತು ಕಲಿಸಿ. ಇದನ್ನು ಓದುವ ಗುರುಗಳು ಪಾಲಕರ ಸಭೆಯಲ್ಲಿ ಈ ಮಾತು ಒಂದು ಸಲ ಹೇಳಿದರೆ ನಾನು ಬರೆದದ್ದಕ್ಕೂ ಸಾರ್ಥಕ.

ನಿಮಗೆ ಗೊತ್ತೇ?

1. ಡವ್ ಜಾತಿಯ ವಿಮಾನಗಳನ್ನು ಒಟ್ಟು 500ಕ್ಕೂ ಹೆಚ್ಚು ತಯಾರಿಸಿದ್ದರು.
2. ವಿಮಾನ ಯಾವ ದೇಶದ್ದು ಅಂತ ಅದರ ಮೈಮೇಲಿನ ಅಕ್ಷರದಿಂದ ಗೊತ್ತಾಗುತ್ತದೆ. ಭಾರತದ ಪ್ರಯಾಣಿಕ ವಿಮಾನಗಳ ಮೇಲೆ ವಿ.ಟಿ. ಅಂತ ಇರುತ್ತದೆ.
3. ಜೆ.ಆರ್.ಡಿ. ಟಾಟಾ ಅವರು 1982ರಲ್ಲಿ ತಮ್ಮ 78ನೇ ವಯಸ್ಸಿನಲ್ಲಿ ಕರಾಚಿಯಿಂದ ಬಾಂಬೆಗೆ ಮತ್ತೊಮ್ಮೆ ಹಳೇ ಥರದ ಪುಟ್ಟ ವಿಮಾನ ಹಾರಿಸಿಕೊಂಡು ಬಂದರು.

ಬರೆದವರು: ಒಬ್ಬ ವಿದ್ಯಾರ್ಥಿನಿ, 10ನೇ ತರಗತಿ, ಆರ್.ಎಚ್. ಕ್ಯಾಂಪ್